ಸೀಡಿಗೆ ಇಟ್ಟ ಕುಂಕುಮ

ನನ್ನ ಮಗಳು ಯಾಮಿನಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತು, ಹದಿನೇಳಕ್ಕೆ ಗಿಟಾರ್ ಹಿಡಿದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಹಾಡತೊಡಗಿದಳು. ಶಾರ್ಲೆಟ್ಟಿನ ಕನ್ನಡ ಸಂಘದಲ್ಲಿ ಯಾರಾದರೂ, "ಊರ್ಮಿಳಾ, ಮಗಳು ಈಗ ಯಾವ ಕೃತಿ ಕಲೀತಿದ್ದಾಳೆ?" ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಟ್ರಕ್ಕು, ನಾಯಿ, ಮುರಿದ ಮನಸ್ಸು ಎಂದು ಹಾಡಲು ಇವಳಿಗೇನು ಬಂದಿದೆ? ಎರಡು ವರ್ಷ ಅವಳ ಒಂದು ಶೋಗೂ ಹೋಗಲಿಲ್ಲ. ಹಟ ಎಂದರೆ ಹಟ.

2006ರ ಬೇಸಿಗೆಯಲ್ಲಿ ಅವಳ ಮೊದಲ ಆಲ್ಬಮ್ ಬಂತು. ಸೀಡಿಗಳ ಪೆಟ್ಟಿಗೆ ನಮ್ಮ ಊಟದ ಮೇಜನ್ನೇ ಆಕ್ರಮಿಸಿತು. ಸ್ಥಳೀಯ ರೇಡಿಯೋದವರು ಶನಿವಾರ ಬೆಳಿಗ್ಗೆ ಒಂದು ಹಾಡು ಹಾಕಲು ಒಪ್ಪಿದ್ದರು. ಕೇಳುಗರಿಗೆ ಹಿಡಿಸಿದರೆ ಸೆಪ್ಟೆಂಬರಿನ ಸಂಗೀತೋತ್ಸವದಲ್ಲಿ ಅವಳಿಗೆ ಅರ್ಧ ಗಂಟೆ ವೇದಿಕೆ. ಆ ಅರ್ಧ ಗಂಟೆಯ ಮೇಲೆಯೇ ಅವಳ ಜೀವ.

ರೇಡಿಯೋಗೆ ಕಳಿಸುವ ಸೀಡಿಯನ್ನು ಮೇಜಿನ ಮೇಲಿಟ್ಟು ಅವಳು ಸ್ನಾನಕ್ಕೆ ಹೋದಳು. ಹಾಡು ಯಾವುದಾದರೇನು? ಹೊಸ ಕಾರಿಗೆ, ಹೊಸ ಪುಸ್ತಕಕ್ಕೆ, ಕೊನೆಗೆ ಡಿಶ್‌ವಾಷರಿಗೂ ಕುಂಕುಮ ಇಟ್ಟವಳು ನಾನು. ಇದೊಂದನ್ನು ಹಾಗೇ ಕಳಿಸಲೇ? ಸೀಡಿಯ ಒಂದು ಬದಿಯಲ್ಲಿ ಅವಳ ಹೆಸರಿತ್ತು. ಹೆಸರಿನ ಮೇಲೆ ಮೆತ್ತಬಾರದೆಂದು ತಿರುಗಿಸಿದೆ. ಕನ್ನಡಿಯಂತೆ ಹೊಳೆಯುವ ಖಾಲಿ ಬದಿ! ಅಲ್ಲಿ ಒದ್ದೆ ಅರಿಸಿನ, ಮೇಲೆ ಕುಂಕುಮ ಇಟ್ಟು, ಎರಡು ನಿಮಿಷ ದೇವರ ಮುಂದಿರಿಸಿ, ಕವರಿಗೆ ಸೇರಿಸಿ ತೆಪ್ಪಗಿದ್ದೆ.

ಶನಿವಾರ ಅಡುಗೆಮನೆಯ ರೇಡಿಯೋ ಮುಂದೆ ಯಾಮಿನಿ, ನಾನು, ನಮ್ಮವರು ಮೂವರೂ ಕೂತೆವು. ಹಾಡು ಶುರುವಾಯಿತು. ಎರಡನೆಯ ಸಾಲಿಗೇ ಸಿಕ್ಕಿಕೊಂಡು, ಅದೇ ತುಣುಕನ್ನು ಆರು ಸಲ ಹೇಳಿ ನಿಂತಿತು.

"ಕಾಫಿ ಚೆಲ್ಲಿದ ಸೀಡಿ ನೋಡಿದ್ದೇನೆ," ಎಂದು ನಿರೂಪಕ ನಕ್ಕ. "ಇದಕ್ಕೆ ಯಾರೋ ಕೆಂಪು ಪುಡಿ ಹಚ್ಚಿದ್ದಾರೆ. ಒರೆಸಿದೆ. ಈಗ ನನ್ನ ಅಂಗಿ ಹಳದಿಯಾಗಿದೆ, ಸೀಡಿ ಮಾತ್ರ ಓಡುತ್ತಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನನ್ನ ಕೈ ಹಣೆಗೆ ಹೋಯಿತು. ನಮ್ಮವರು, ವೇಣುಗೋಪಾಲ, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಅಮ್ಮಾ! ಯು ಡಿಡ್ ದಿಸ್?"

"ಒಳ್ಳೇದಾಗ್ಲಿ ಅಂತ ಇಟ್ಟೆ ಕಣೇ."

"ಬಟ್ ನಿಂಗೆ ನನ್ ಮ್ಯೂಸಿಕ್ ಇಷ್ಟಾನೇ ಇಲ್ಲ!"

"ಇಷ್ಟ ಬೇರೆ, ನೀನು ಗೆಲ್ಲೋದು ಬೇರೆ," ಎಂದೆ. ಅವಳು ನನ್ನನ್ನೇ ನೋಡುತ್ತಾ ನಿಂತಳು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸೀಡಿಯ ಕವರಿನ ಮೇಲೆ ನಮ್ಮ ಮನೆಯ ನಂಬರೇ ಇತ್ತು. ನಿರೂಪಕ ಪ್ರಸಾರದಲ್ಲೇ ಕೇಳಿದ: ಆ ಪುಡಿ ಏನು?

"ಅದು ನನ್ನ ಅಮ್ಮನ ಆಶೀರ್ವಾದ," ಎಂದು ಯಾಮಿನಿ ಇಂಗ್ಲಿಷಿನಲ್ಲಿ ಹೇಳಿದಳು. "ಇದೆ ಅಂತ ನನಗೂ ಈಗಷ್ಟೇ ಗೊತ್ತಾಯಿತು."

"ಹಾಗಾದರೆ ನೀನೇ ಹಾಡಿಬಿಡು," ಎಂದ ಆತ.

ಅವಳು ಗಿಟಾರ್ ತಂದಳು. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿಯುವ ಕೆಲಸ ನನಗೆ ಬಂತು. ಎರಡು ವರ್ಷ ಅವಳ ಹಾಡಿನಿಂದ ತಪ್ಪಿಸಿಕೊಂಡಿದ್ದ ನಾನು ಈಗ ಗೇಣು ದೂರದಲ್ಲಿ ನಿಂತು ಕೇಳಬೇಕಾಯಿತು. ಹಾಡಿನಲ್ಲಿ ಟ್ರಕ್ಕೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಪ್ರತಿ ಶೋನಲ್ಲೂ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬಿಡಿಸುವ ಹುಡುಗಿಯ ಹಾಡು ಅದು. ಯಾರ ಕುರ್ಚಿ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಣ್ಣೀರು ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಫೋನು.

ಮುಂದಿನ ವಾರ ಅಂಗಡಿಗಳಲ್ಲಿ ಜನ "ಆ ಕೆಂಪು ಚುಕ್ಕೆಯ ಸೀಡಿ" ಕೇಳತೊಡಗಿದರು. ಪತ್ರಿಕೆಯೊಂದು "ದನಿ ಗಟ್ಟಿ, ಗಿಟಾರ್ ಇನ್ನೂ ಎಳಸು" ಎಂದು ಬರೆಯಿತು. ಬರೆದವನ ಕಿವಿ ಎಳಸು! ಉತ್ಸವದವರಂತೂ ಅರ್ಧ ಗಂಟೆ ಕೊಟ್ಟರು.

ಸೆಪ್ಟೆಂಬರಿನಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿ ರೇಷ್ಮೆ ಸೀರೆಯುಟ್ಟು ಕೂತೆ. ವೇದಿಕೆ ಹತ್ತುವ ಮುಂಚೆ ಯಾಮಿನಿ ಬಂದು ಗಿಟಾರನ್ನು ನನ್ನ ಮುಂದೆ ಹಿಡಿದಳು.

"ಅಮ್ಮಾ, ಇದಕ್ಕೂ ಕುಂಕುಮ ಇಡು."

ಬ್ಯಾಗಿನಿಂದ ಭರಣಿ ತೆಗೆದೆ. ಈ ಸಲ ಮೊದಲೇ ಕೇಳಿದೆ:

"ಯಾವ ಕಡೆ ಇಡ್ಲಿ?"