ಹೊಟ್ಟೆನೋವಿನ ಕಾಗದ

ಸುರಕ್ಷಿತ ನಗರಗಳ ಯಾವುದೋ ಪಟ್ಟಿಯಲ್ಲಿ ರಾಯಚೂರು ಮೂರು ಮೆಟ್ಟಿಲು ಮೇಲೇರಿದ ಸುದ್ದಿಯನ್ನು ಉರುಕುಂದಪ್ಪ ಮಿರ್ಚಿಯ ಕೆಳಗೆ ಹಾಸಿಕೊಂಡಿದ್ದ. ಠಾಣೆಯೊಂದರ ಎದುರು ಅರ್ಜಿ ಟೈಪು ಮಾಡುವುದು ಅವನ ಕಸುಬು. ಊರಿನಲ್ಲಿ ಕೊಲೆಗಳು ಕಡಿಮೆಯಂತೆ. ಈ ಕೀರ್ತಿಯಲ್ಲಿ ತನ್ನದೂ ಪಾಲಿದೆ ಎಂದು ಅವನಿಗೆ ಗೊತ್ತಿತ್ತು. ಯಾರದೋ ಮನೆಯ ಸೊಸೆ ಸತ್ತರೆ 'ಹೊಟ್ಟೆನೋವು ತಾಳಲಾರದೆ' ಎಂಬ ಸಾಲನ್ನು ಅವನ ಬೆರಳುಗಳು ತಾವಾಗಿಯೇ ಬಡಿಯುತ್ತಿದ್ದವು.

ಮಾನ್ವಿಯ ಬಸ್ಸಿಳಿದು ಗೋಪಮ್ಮ ನೇರ ಅವನ ಹತ್ತಿರ ಬಂದಳು. ಹೋದ ವರ್ಷ ಅವಳ ಹಿರಿಮಗಳು ವಿಶಾಖಾ ಇದೇ ಊರಿನ ಗಂಡನ ಮನೆಯಲ್ಲಿ ಸತ್ತಾಗಲೂ ಅದೇ ಸಾಲು. ಕೆಳಗೆ ಗೋಪಮ್ಮನ ಹೆಬ್ಬೆಟ್ಟು.

"ಅದನ್ನ ತೆಗದುಬಿಡ್ರಿ."

"ಏನನ್ನವ್ವಾ?"

"ಹೊಟ್ಟಿನೋವನ್ನ. ಕುತ್ತಿಗಿ ಮ್ಯಾಲೆ ಬೆರಳಿನ ಗುರ್ತು ಇದ್ವು. ಮೈಗೆ ನೀರು ಹಾಕಿದಾಕಿ ನಾನು."

"ಆಗ್ಯಾಕ ಹೇಳಲಿಲ್ಲ?"

"ಕೋರ್ಟು ಹತ್ತಿದ ಮನಿ ಹೆಣ್ಣು ಯಾರು ತರ್ತಾರ, ಸಣ್ಣಾಕಿ ಸುಜಾತಾನ ಲಗ್ನ ಆಗಬೇಕಲ್ಲ ಅಂದ, ನಮ್ಮ ಭಾವ ಯಮನೂರಪ್ಪ. ಒತ್ತಿದೆ."

"ಈಗೇನಾತು?"

"ಆ ಅಳಿಯಗೇ ಸುಜಾತಾನ್ನ ಕೊಡಾಕತ್ಯಾರ. ಕೂಸು ಅದ, ಅದಕ್ಕ ತಾಯಿ ಬೇಕಂತ. ನಾ ಒಲ್ಲೆ ಅಂದ್ರ ಅಳಿಯ ಆ ಕಾಗದ ತೋರಸ್ತಾನ. ಅತ್ತಿನೇ ಒತ್ಯಾಳ, ಓದಿಸ್ಕೊಳ್ರಿ ಅಂತಾನ."

ಉರುಕುಂದಪ್ಪ ಮಿರ್ಚಿ ಸರಿಸಿದ. 'ಕತ್ತು ಹಿಸುಕಿ' ಎಂದು ಟೈಪು ಮಾಡಲು ತುಸು ಹೊತ್ತು ಹಿಡಿಯಿತು. ರೂಢಿ ಇರಲಿಲ್ಲ, ಅಕ್ಷರ ಹುಡುಕಬೇಕಾಯಿತು.

"ಎಡಗೈ ಕೊಡವ್ವಾ."

ಅವಳು ಬಲಗೈ ಚಾಚಿದಳು.

"ಎಡಗೈ."

"ಅದು ಸುಳ್ಳು ಹೇಳ್ಯಾದ್ರಿ."

ಹಿಂದಿನ ಹೆಬ್ಬೆಟ್ಟಿಗೆ ತಾಳೆ ನೋಡುತ್ತಾರೆಂದು ಗೊತ್ತಿದ್ದೂ ಅವನು ಬಲಗೈಯನ್ನೇ ಒತ್ತಿಸಿಕೊಂಡ. ಇಪ್ಪತ್ತೆಂಟು ವರ್ಷಗಳ ಕಸುಬಿನಲ್ಲಿ ಅವನು ನಿಯಮ ಮೀರಿ ತೋರಿದ ದಯೆ ಅದೊಂದೇ.

ಹನ್ನೆರಡನೆಯ ದಿನಕ್ಕೆ ಠಾಣೆಯಿಂದ ಹಿಂಬರಹ ಬಂತು. ಹೆಬ್ಬೆಟ್ಟು ತಾಳೆಯಾಗದ ಕಾರಣ ಅರ್ಜಿದಾರಳು ಮೃತಳ ತಾಯಿಯೆಂಬುದು ಖಚಿತವಿಲ್ಲ, ಅರ್ಜಿ ಮುಕ್ತಾಯ. ಅಷ್ಟರಲ್ಲಿ ಯಮನೂರಪ್ಪ ದೇವದುರ್ಗದ ತನ್ನ ಮನೆಯ ಮುಂದೆ ಚಪ್ಪರ ಹಾಕಿಸಿ ಸುಜಾತಾಳ ತಲೆಯ ಮೇಲೆ ಅಕ್ಕಿಕಾಳು ಬೀಳಿಸಿದ್ದ.

ಸುಜಾತಾಳನ್ನು ರಾಯಚೂರಿನ ಮನೆಗೆ ಬಿಟ್ಟು ಹೊರಡುವಾಗ ಗೋಪಮ್ಮ ಅಳಲಿಲ್ಲ. ಕೂಸನ್ನು ಮಗಳ ತೊಡೆಗೆ ಹಾಕಿ, ಸೆರಗು ಸರಿಪಡಿಸುವ ನೆಪದಲ್ಲಿ ಬಗ್ಗಿದಳು.

"ನಿನಗ ಎಂದೂ ಹೊಟ್ಟಿ ನೋಯಂಗಿಲ್ಲವ್ವಾ. ಓಣ್ಯಾಗ ಹತ್ತು ಮಂದಿಗೆ ಈಗಿಂದನ ಹೇಳಿಟ್ಟಿರು."