ಬಣ್ಣದ ಕೆಳಗಿನ ಕಬ್ಬಿಣ

ಅಂಗಳದ ವ್ಯಾನಿನಿಂದ ಎಳೆದು ತಂದ ವೈರಿನ ಸಾಕೆಟ್ಟಿಗೆ ಭಾವ ಶವದ ಫ್ರೀಜರ್ ಪೆಟ್ಟಿಗೆಯ ಪ್ಲಗ್ಗನ್ನು ಸಿಕ್ಕಿಸಲು ಬಗ್ಗಿದಾಗ, ಅವಳು ಎದ್ದು ಬಂದು ಪ್ಲಗ್ಗನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಬೇಡ ಭಾವ."

"ಕರೆಂಟ್ ಹೋಗಿ ಎಷ್ಟೊತ್ತಾಯ್ತು ನೋಡಮ್ಮ. ಟ್ರಾನ್ಸ್‌ಫಾರ್ಮರೇ ಸುಟ್ಟಿದೆಯಂತೆ. ಅಮ್ಮ ಬರೋದು ಸಂಜೆಗೆ. ಅಷ್ಟೊತ್ತಿಗೆ ಅವನ ಮುಖ ನೋಡೋ ಹಾಗಿರಬೇಕಲ್ಲ?"

"ವ್ಯಾನಿನ ಇನ್ವರ್ಟರಿಗೆ ಇನ್ನೂ ಅರ್ತಿಂಗ್ ಆಗಿಲ್ಲ."

ಪೆಟ್ಟಿಗೆಯ ಸ್ಟೀಲ್ ಅಂಚಿನ ಮೇಲೆಲ್ಲ ಕೈಗಳಿದ್ದವು. ಬಂದವರು ಅಲ್ಲೇ ಕೈಯೂರಿ ಅಳುತ್ತಿದ್ದರು. ನೀರಿನೊಳಗಿಂದ ನೋಡಿದಂತೆ ಆ ಕೈಗಳು ಅವಳಿಗೆ ಮೆಲ್ಲಗೆ ತೇಲಿ ಕಂಡವು. ರಾತ್ರಿ ಮಲಗಿದ ಗಂಡ ಬೆಳಿಗ್ಗೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು.

"ಪಾಪ, ತಲೆ ನೆಟ್ಟಗಿಲ್ಲ ಇವಳಿಗೆ. ಇಂಥ ಹೊತ್ತಲ್ಲಿ ವೈರಿನ ಮಾತು," ಎಂದಳು ಪಕ್ಕದ ಮನೆಯ ಅಜ್ಜಿ.

"ತಲೆ ನೆಟ್ಟಗೇ ಇದೆ ಅಜ್ಜಿ," ಎಂದ ಗಂಡನ ಗೆಳೆಯ, ಎಲ್ಲರೂ ಸ್ಪ್ಯಾನರ್ ಎಂದು ಕರೆಯುವ ಮೆಕ್ಯಾನಿಕ್. "ಒಳಗೆಲ್ಲಾದ್ರೂ ವೈರ್ ಸ್ಟೀಲಿಗೆ ತಗುಲಿದ್ರೆ, ಕೈಯಿಟ್ಟೋರನ್ನೆಲ್ಲ ಕರೆಂಟು ಹಿಡ್ಕೊಳ್ಳುತ್ತೆ. ಜೊತೆಗೆ ನಾಲ್ಕು ಜನರನ್ನ ಕರ್ಕೊಂಡು ಹೋಗೋ ಆಸಾಮಿ ಅಲ್ಲ ಅವನು."

*

ಬೇರೆಯವರ ವ್ಯಾನುಗಳಿಗೆ ದೀಪ, ಫ್ಯಾನು, ಫ್ರಿಜ್ಜು ಕೂರಿಸಿ ಕೊಡುತ್ತಿದ್ದ ಅವಳ ಗಂಡ ಕೊನೆಗೊಂದು ಹಳೆಯ ವ್ಯಾನನ್ನು ತನಗೇ ಅಂತ ತಂದಿದ್ದ. ಅದರಲ್ಲೇ ಉಂಡು ಮಲಗಿ, ರಸ್ತೆ ಮುಗಿಯುವ ತನಕ ಹೋಗುವುದು ಇಬ್ಬರ ಆಸೆ. ವೈರು ಅವನದು, ಬಣ್ಣ ಅವಳದು. ಸೀಟಿನ ಹಿಂದೆ, ನೆಲದ ಹತ್ತಿರ, ಅಂಗೈಯಷ್ಟು ಜಾಗದಲ್ಲಿ ಬಣ್ಣ ಹೋಗಿದ್ದು ಕಂಡು ಅವಳು ಅಕ್ಕರೆಯಿಂದ ಮತ್ತೆ ತಿಳಿನೀಲಿ ಬಳಿದಿದ್ದಳು.

ಅವನು ನೋಡಿ ನಕ್ಕ. "ಅಯ್ಯೋ, ಅದನ್ನ ನಾನೇ ಉಜ್ಜಿದ್ದು ಕಣೆ."

"ಯಾಕೆ? ಎಷ್ಟು ಅಸಹ್ಯವಾಗಿ ಕಾಣ್ತಿತ್ತು."

"ಇನ್ವರ್ಟರಿನ ಅರ್ತ್ ವೈರು ವ್ಯಾನಿನ ಮೈ ಮುಟ್ಟಬೇಕಲ್ಲ. ಬಣ್ಣದ ಮೇಲೆ ಬೋಲ್ಟ್ ಬಿಗಿದ್ರೆ ಅದು ಅರ್ತಿಂಗ್ ಅಲ್ಲ, ಅಲಂಕಾರ."

"ಹಾಗಾದ್ರೆ ಮತ್ತೆ ಉಜ್ಜು, ಹೋಗು."

"ಇರ್ಲಿ ಬಿಡು. ಇಷ್ಟು ಮುತುವರ್ಜಿಯಿಂದ ಬಳಿದಿದ್ದೀಯ. ನಾಲ್ಕು ದಿನ ನೋಡ್ತೀನಿ."

*

ವ್ಯಾನಿನಲ್ಲಿ ಉಳಿದದ್ದೆಲ್ಲ ಅವನು ಮುಗಿಸಿಟ್ಟಿದ್ದ. ಹಸಿರು ಅರ್ತ್ ವೈರಿನ ತುದಿ ಮಾತ್ರ ಸುರುಳಿ ಸುತ್ತಿಕೊಂಡು, ಯಾರಾದರೂ ಕರೆಯಲಿ ಎಂಬಂತೆ ಕಾದಿತ್ತು.

"ಕೊಡಿ ಅತ್ತಿಗೆ, ನಾನು ಉಜ್ತೀನಿ," ಎಂದ ಸ್ಪ್ಯಾನರ್.

"ಬಳಿದಿದ್ದು ನಾನಲ್ವಾ."

ಅವಳು ಮಂಡಿಯೂರಿ ಎಮರಿ ಪೇಪರ್ ಹಿಡಿದು ಉಜ್ಜಿದಳು. ತಿಳಿನೀಲಿ ಪುಡಿ ಬಿಸಿಲಲ್ಲಿ ಎದ್ದು, ಕೆಳಗಿಳಿಯಲು ಮನಸ್ಸಿಲ್ಲದೆ ಅಲ್ಲೇ ನಿಂತಿತು. ಕೆಳಗಿನಿಂದ ಕಬ್ಬಿಣ ಬೆಳ್ಳಗೆ ಕಣ್ಣು ಬಿಟ್ಟಿತು. ಸ್ಪ್ಯಾನರ್ ವೈರನ್ನು ಬೋಲ್ಟಿಗೆ ಸೇರಿಸಿ ಬಿಗಿದ, ಜಗ್ಗಿ ನೋಡಿದ, ಮೀಟರ್ ಹಿಡಿದ. ಅದು ಕುಂಯ್ ಎಂದಿತು.

"ಈಗ ಸರಿ," ಎಂದ. ಆಮೇಲೆ ಮುಖ ಆಚೆ ತಿರುಗಿಸಿಕೊಂಡ.

ಅವಳು ಒಳಗೆ ಬಂದಳು. "ಎಲ್ಲರೂ ಸ್ವಲ್ಪ ಕೈ ತೆಗೀರಿ."

ಕೈಗಳು ಒಟ್ಟಿಗೆ ಮೇಲೆದ್ದವು. ಅವಳು ಪ್ಲಗ್ ಸಿಕ್ಕಿಸಿದಳು. ಪೆಟ್ಟಿಗೆ ಗುಂಯ್‌ಗುಡತೊಡಗಿತು.

"ಮೊದಲು ನಾನು ಮುಟ್ತೀನಿ ಬಿಡಮ್ಮ," ಎಂದು ಭಾವ ಹೇಳುವಷ್ಟರಲ್ಲಿ ಅವಳ ಕೈ ಸ್ಟೀಲಿನ ಮೇಲಿತ್ತು. ಏನೂ ಆಗಲಿಲ್ಲ. ತಣ್ಣಗಿತ್ತು, ಅಷ್ಟೆ.

ಒಂದೊಂದಾಗಿ ಕೈಗಳು ಮರಳಿ ಬಂದವು.

ಅತ್ತೆ ಬಂದಾಗ ಕಿಟಕಿಯ ಬೆಳಕು ಹಳದಿಯಾಗಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಬಂದವರು ಪೆಟ್ಟಿಗೆಯ ಮೇಲೆ ಬಾಗಿದರು. ಮಗನ ಮುಖ ಹಾಗೇ ಇತ್ತು. ಅವರು ಇನ್ನೂ ಹತ್ತಿರ ಬಾಗಿದಾಗ ತಣ್ಣನೆಯ ಗಾಜಿನ ಮುಚ್ಚಳದ ಮೇಲೆ, ಸರಿಯಾಗಿ ಅವನ ಬಾಯಿಯ ಮೇಲೆ, ಉಸಿರಿನ ಮಂಜು ಕಟ್ಟಿತು.

"ಕಾಣ್ತಿಲ್ಲ ಕಣಮ್ಮ," ಎಂದರು.

ಅವಳು ಅಂಗೈಯಿಂದ ಒರೆಸಿದಳು. ಮಂಜು ಅಲ್ಲೇ ಮತ್ತೆ ಮೂಡಿತು, ಕರಗಿತು, ಮತ್ತೆ ಮೂಡಿತು.