ಇಳಿಯದವನು

ಸೋಮವಾರ ಬೆಳಿಗ್ಗೆ ಎಂಟರಿಂದ ಎಂಟೂ ನಲವತ್ತರವರೆಗೆ ನನ್ನ ಪಾಠ. ಹಳೆ ಕಾಗದವನ್ನು ನೆನೆಸಿ, ಅರೆದು, ರಟ್ಟು ಮಾಡುವ ನಮ್ಮ ಕಾರ್ಖಾನೆಯಲ್ಲಿ ಕೆಲಸಗಾರರ ಸುರಕ್ಷತೆ ನನ್ನ ಜವಾಬ್ದಾರಿ. ಎಲ್ಲರೂ ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ಮೊದಮೊದಲು ಗೋಡೆಗೆ ಚಿತ್ರ ಅಂಟಿಸಿ, ನಿಯಮ ಓದಿ ಹೇಳುತ್ತಿದ್ದೆ. ರಾತ್ರಿಪಾಳಿ ಮುಗಿಸಿ ಬಂದವರು ಹಿಂದಿನ ಸಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಪಾಠದಲ್ಲಿ ನಿದ್ದೆ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊನೆಗೊಂದು ಉಪಾಯ ಹೊಳೆಯಿತು. ಸೂಪರ್‌ಹೀರೋ ಸಿನಿಮಾಗಳಿಂದ ಮೂರು ನಾಲ್ಕು ನಿಮಿಷದ ತುಣುಕುಗಳನ್ನು ಕತ್ತರಿಸಿ ತಂದು ಪರದೆಯ ಮೇಲೆ ಹಾಕತೊಡಗಿದೆ.

ಆ ನಾಯಕರಷ್ಟು ದಡ್ಡರು ಭೂಮಿಯ ಮೇಲೆ ಬೇರೆ ಯಾರೂ ಇಲ್ಲ. ಆಕಾಶದಲ್ಲಿ ಹಾರುತ್ತಾರೆ, ಬರಿಗೈಯಲ್ಲಿ ಕಟ್ಟಡ ಎತ್ತುತ್ತಾರೆ, ಆದರೆ ಹೊರಡುವ ಮುಂಚೆ ಯಾರಿಗೂ ಒಂದು ಮಾತು ಹೇಳುವುದಿಲ್ಲ. ಜೊತೆಯವರು ಹತ್ತು ನಿಮಿಷದಲ್ಲಿ ಬರುತ್ತಾರೆಂದು ಗೊತ್ತಿದ್ದೂ ಒಬ್ಬ ಒಂಟಿಯಾಗಿ ನುಗ್ಗುತ್ತಾನೆ. ಇನ್ನೊಬ್ಬ, ಪ್ರಿಯತಮೆಯ ಕತ್ತಿಗೆ ಖಳ ಚಾಕು ಹಿಡಿದ ಕೂಡಲೇ ಇಡೀ ಪಟ್ಟಣವನ್ನು ಸುಡುವ ಯಂತ್ರದ ಕೀಲಿಯನ್ನು ತೆಗೆದು ಅವನ ಕೈಗೆ ಕೊಡುತ್ತಾನೆ. ಮತ್ತೊಬ್ಬ ವಿಷದ ಹೊಗೆಯ ನಡುವೆ ಮುಖವಾಡ ಕಿತ್ತೆಸೆದು ಭಾಷಣ ಬಿಗಿಯುತ್ತಾನೆ. ಸರಿಯಾಗಿ ಆ ಗಳಿಗೆಗೆ ನಾನು ಚಿತ್ರ ನಿಲ್ಲಿಸಿ, "ಹೇಳಿ, ಇವನು ಮಾಡಿದ ತಪ್ಪೇನು?" ಎಂದು ಕೇಳುತ್ತಿದ್ದೆ. ಗೊರಕೆ ನಿಂತಿತು. ನಾ ಮುಂದು ತಾ ಮುಂದು ಅಂತ ಜನ ಕೂಗಿ ಹೇಳತೊಡಗಿದರು.

ಎಲ್ಲರಿಗಿಂತ ಜೋರು ದನಿ ನನ್ನ ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಅದೇ ಕಾರ್ಖಾನೆಯಲ್ಲಿ ಪಂಪು, ಪೈಪು ರಿಪೇರಿ ಮಾಡುವ ಫಿಟ್ಟರ್. ಮನೆಯಲ್ಲಿ ನನ್ನನ್ನು ಹೋಗೋ ಬಾರೋ ಎನ್ನುವವರು ಪಾಠದಲ್ಲಿ ಮಾತ್ರ ಬೇಕೆಂದೇ ಶಾಲೆ ಹುಡುಗನ ಥರ ಕೈ ಎತ್ತುತ್ತಿದ್ದರು.

"ಮೇಷ್ಟ್ರೇ, ಒಂದು ಡೌಟು. ಅವನು ಬುದ್ಧಿವಂತ ಆಗ್ಬಿಟ್ರೆ ಸಿನಿಮಾ ಹತ್ತು ನಿಮಿಷಕ್ಕೆ ಮುಗಿದುಹೋಗತ್ತಲ್ಲ? ಆಮೇಲೆ ಜನ ಏನು ನೋಡ್ಬೇಕು, ನಿಮ್ಮ ಮುಖಾನಾ?"

"ಕಥೆ ಮುಂದಕ್ಕೆ ಓಡ್ಲಿ ಅಂತ ಬರೆಯೋರು ಅವನನ್ನ ದಡ್ಡ ಮಾಡ್ತಾರೆ ಭಾವ. ನಮ್ಮ ಕೊಳೆನೀರಿನ ತೊಟ್ಟೀಲಿ ಕಥೆ ಓಡೋದು ಬೇಡ."

"ಅದಕ್ಕಲ್ಲ ಕಣೋ. ಅವಳು ಅಲ್ಲಿ ಸಾಯ್ತಾ ಇರೋವಾಗ ಇವನು ಕೈಕಟ್ಟಿ ನಿಂತ್ಕೊಂಡು ನಿಯಮ ಓದಿದ್ರೆ ಯಾರು ಹೀರೋ ಅಂತಾರೆ? ಮುಖಕ್ಕೆ ಉಗೀತಾರೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಪಾಠದ ಕೊನೆಯ ಐದು ನಿಮಿಷ ಮಾತ್ರ ನಗು ಇರುತ್ತಿರಲಿಲ್ಲ. ಅದು ತೊಟ್ಟಿಯ ವಿಷಯ. ಅರೆದ ಕಾಗದದ ಕೊಳೆನೀರು ಬಂದು ನಿಲ್ಲುವ ಆ ತೊಟ್ಟಿ ಹನ್ನೆರಡು ಅಡಿ ಆಳ. ಒಂದು ಕಬ್ಬಿಣದ ಏಣಿ, ಮೇಲೆ ಒಂದು ಮುಚ್ಚಳ. ಯಂತ್ರಗಳು ನಾಲ್ಕು ದಿನ ನಿಂತರೆ ನೀರು ಕೊಳೆತು ವಿಷಗಾಳಿ ಏಳುತ್ತದೆ. ಮೊದಲು ಕೆಟ್ಟ ಮೊಟ್ಟೆಯ ವಾಸನೆ. ಗಾಳಿ ಹೆಚ್ಚಾದರೆ ಮೂಗೇ ಕೆಲಸ ನಿಲ್ಲಿಸುತ್ತದೆ, ವಾಸನೆಯೂ ತಿಳಿಯುವುದಿಲ್ಲ. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಹೋದವನು ಬೀಳುತ್ತಾನೆ, ಇವರಿಬ್ಬರನ್ನು ಎತ್ತಲು ಹೋದ ಮೂರನೆಯವನೂ ಬೀಳುತ್ತಾನೆ. ಹಾಗಾಗಿ ಬಿದ್ದವನ ಹಿಂದೆ ಯಾರೂ ಇಳಿಯಕೂಡದು, ಬಿದ್ದವನು ಅಪ್ಪನಾಗಿರಲಿ, ಮಗನಾಗಿರಲಿ. ಉಸಿರಾಟದ ಸಿಲಿಂಡರು ಬರುವವರೆಗೆ ಮೇಲೆ ಕಾಯಬೇಕು. ಇದನ್ನು ನಾನು ಒಂಬತ್ತು ವರ್ಷ, ವಾರಕ್ಕೊಂದು ಸಲ ಹೇಳಿದ್ದೇನೆ.

ಅಕ್ಕನ ಬಗ್ಗೆ ಇಲ್ಲಿ ಹೇಳಬೇಕು. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೈದು. ನನ್ನ ತಲೆ ಬಾಚಿದವಳು, ಹೋಂವರ್ಕ್ ನೋಡಿದವಳು, ಜ್ವರ ಬಂದರೆ ಮಗ್ಗುಲಲ್ಲಿ ಕೂತವಳು ಅವಳೇ. ಮದುವೆಯಾಗಿ ಹೋಗುವಾಗ ನನ್ನನ್ನೂ ಕರೆದುಕೊಂಡೇ ಹೋದಳು. ಭಾವ ಒಂದು ದಿನಕ್ಕೂ ಮುಖ ಸಿಂಡರಿಸಲಿಲ್ಲ. ನನಗೆ ಮದುವೆಯಾಗಲಿಲ್ಲ, ಆಗಬೇಕೆನಿಸಲೂ ಇಲ್ಲ. ಎರಡು ಬೀದಿ ಆಚೆ ಕೋಣೆ ಮಾಡಿಕೊಂಡ ಮೇಲೂ ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಈ ಲೋಕದಲ್ಲಿ ನನ್ನವರು ಅಂತ ನನಗಿದ್ದದ್ದು ಅವಳೊಬ್ಬಳು.

ದೊಡ್ಡ ಯಂತ್ರದ ರಿಪೇರಿಗೆಂದು ನಾಲ್ಕು ದಿನ ನಿಂತಿದ್ದ ಕಾರ್ಖಾನೆ ಅವತ್ತು ಬೆಳಿಗ್ಗೆ ಮತ್ತೆ ಶುರುವಾಗಬೇಕಿತ್ತು. ತೊಟ್ಟಿಯ ಪಂಪು ನೀರೆಳೆಯುತ್ತಿರಲಿಲ್ಲ. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ಭಾವ ಮುಚ್ಚಳ ತೆಗೆದು, ಸೊಂಟಕ್ಕೆ ಹಗ್ಗವಿಲ್ಲದೆ, ಗಾಳಿ ಅಳೆಯದೆ, ಏಣಿಯಲ್ಲಿ ನಾಲ್ಕು ಮೆಟ್ಟಿಲು ಇಳಿದರು. ಯಾರನ್ನೂ ಉಳಿಸಲಿಕ್ಕಲ್ಲ, ಯಾವ ಸಾಹಸಕ್ಕೂ ಅಲ್ಲ. ಎರಡು ನಿಮಿಷದ ಕೆಲಸ, ಕೈಹಾಕಿ ಎಳೆದರಾಯಿತು ಅಂತ. ಗಾಳಿ ಅಳೆಯುವ ಮೀಟರು ಹಿಡಿದು ನಾನು ಆ ಕಡೆಗೇ ಬರುತ್ತಿದ್ದೆ. ಹೆಚ್ಚೆಂದರೆ ನಲವತ್ತು ಹೆಜ್ಜೆ ಉಳಿದಿತ್ತು. ಅಷ್ಟು ಕಾಯಲಿಲ್ಲ ಆ ಮನುಷ್ಯ. ಇವತ್ತಿಗೂ ಅದನ್ನು ನೆನೆದರೆ ನನಗೆ ದುಃಖಕ್ಕಿಂತ ಮುಂಚೆ ಸಿಟ್ಟು ಬರುತ್ತದೆ.

ಭಾವ ಬಿದ್ದದ್ದು ಕಂಡು ಕೂಗಿದ್ದು ಚಿಕ್ಕೋನು. ಭಾವನ ತಮ್ಮ, ನಮ್ಮಲ್ಲೇ ವೆಲ್ಡರ್. ಅವನು ಓಡಿಬಂದು ತೊಟ್ಟಿಯೊಳಗೆ ಒಂದು ಕಾಲಿಟ್ಟ ಹೊತ್ತಿಗೆ ನಾನು ತಲುಪಿದೆ. ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಬಿದ್ದೆವು. ಅವನನ್ನು ಬೋರಲು ಹಾಕಿ ಬೆನ್ನ ಮೇಲೆ ಕೂತೆ. ನನಗಿಂತ ಒಂದೂವರೆ ಪಟ್ಟು ಆಳು ಅವನು. ಆ ಬಲ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

"ಬಿಡೋ! ಅಣ್ಣ ಕಣೋ ಒಳಗಿರೋದು! ನಿನ್ನ ಭಾವ ಕಣೋ!"

ನನ್ನ ಕೈ ಕಚ್ಚಿದ. ಮೀಟರು ಕಿರುಚಿಕೊಳ್ಳುತ್ತಿತ್ತು. ಇಬ್ಬರು ಬಾಯ್ಲರ್ ಮನೆಯ ಹತ್ತಿರವಿದ್ದ ಸಿಲಿಂಡರು ತರಲು ಓಡಿದರು. ಅದನ್ನು ತಂದು, ಬೆನ್ನಿಗೆ ಕಟ್ಟಿಕೊಂಡು, ಇಳಿದು, ಭಾವನನ್ನು ಮೇಲೆತ್ತುವಾಗ ಹನ್ನೊಂದು ನಿಮಿಷ ಕಳೆದಿತ್ತು.

ನಾನು ಕೂತಿದ್ದ ಜಾಗದಿಂದ ತೊಟ್ಟಿಯ ಒಳಗೆ ಕಾಣುತ್ತಿತ್ತು. ಬೆಳಕು ನೇರವಾಗಿ ಬೀಳುತ್ತಿತ್ತು. ಭಾವ ಕೆಸರಿನ ಮೇಲೆ ಅಂಗಾತ ಬಿದ್ದಿದ್ದರು. ಒಂದು ಕೈ ಏಣಿಯ ಕೆಳಗಿನ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಆ ಕೈಯ ಬೆರಳುಗಳು ಮಡಚಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು. ಎರಡು ನಿಮಿಷ ಹಾಗೆ ಅಲ್ಲಾಡಿ ಆಮೇಲೆ ಸುಮ್ಮನಾದವು. ನಾನು ವಾಚು ನೋಡಿದ್ದೆ. ಸಮಯ ನೋಡಿ ನೆನಪಿಟ್ಟುಕೊಳ್ಳುವುದು ನನ್ನ ಕೆಲಸದ ಭಾಗ. ಮುಖ ನೆಲಕ್ಕೆ ಒತ್ತಿಹೋಗಿದ್ದ ಚಿಕ್ಕೋನಿಗೆ ಇದು ಯಾವುದೂ ಕಾಣಲಿಲ್ಲ.

ಆಸ್ಪತ್ರೆಗೆ ಅಕ್ಕ ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಓಡಿಬಂದಳು. ಡಾಕ್ಟರು ಹೇಳಬೇಕಾದ್ದನ್ನು ಹೇಳಿ ಹೋದ ಮೇಲೆ ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ನನ್ನ ಮತ್ತು ಚಿಕ್ಕೋನ ಕಡೆ ತಿರುಗಿದಳು.

"ಅಷ್ಟು ಜನ ಇದ್ರಲ್ಲ. ಒಬ್ರೂ ಇಳೀಲಿಲ್ವಾ?"

ನಾನು ಬಾಯಿ ತೆರೆಯುವ ಮುಂಚೆ ಚಿಕ್ಕೋನು ಹೇಳಿದ: "ಮೇಷ್ಟ್ರು ಇಳಿಯೋಕೆ ಹೋದ್ರು ಅತ್ತಿಗೆ. ಒಂದು ಕಾಲು ಒಳಗೆ ಇಟ್ಟೂಬಿಟ್ಟಿದ್ರು. ನಾನೇ ಹಿಡ್ಕೊಂಡು ಎಳೆದೆ. ಅಣ್ಣ ಅಷ್ಟೊತ್ತಿಗಾಗ್ಲೇ ಹೋಗ್ಬಿಟ್ಟಿದ್ದ. ಬಿದ್ದ ಕೂಡ್ಲೇ."

ಅಕ್ಕ ಬ್ಯಾಂಡೇಜು ಸುತ್ತಿದ್ದ ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಏಣಿ ತರಚಿದ ಗಾಯ ಅಂದುಕೊಂಡಿರಬೇಕು. "ನೀನಾದ್ರೂ ಹೋದ್ಯಲ್ಲೋ" ಎಂದು ಆ ಕೈಗೆ ಹಣೆ ಒತ್ತಿ ಅತ್ತಳು.

ಐದು ವಾರ ಆ ಸುಳ್ಳಿನ ನೆರಳಲ್ಲಿ ಬದುಕಿದೆ. ಭಾನುವಾರ ತಪ್ಪದೆ ಊಟಕ್ಕೆ ಕರೆದಳು. ನೋಡಲು ಬಂದವರ ಮುಂದೆಲ್ಲ, "ನನ್ನ ತಮ್ಮ ಜೀವದ ಆಸೆ ಬಿಟ್ಟು ಇಳಿಯೋಕೆ ಹೋಗಿದ್ದ" ಎನ್ನುತ್ತಿದ್ದಳು. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಚಪ್ಪಲಿ ನೋಡುತ್ತಿದ್ದೆ.

ಅಷ್ಟರಲ್ಲಿ ವಿಚಾರಣೆಯ ವರದಿ ಬಂತು. ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು ಒಂದು ಸಾಲು ಓದಿದರು. ನಾನೂ ಇಳಿಯದೆ, ಇಳಿಯಹೊರಟವನನ್ನೂ ತಡೆದು ಒಂದು ಜೀವ ಉಳಿಸಿದ್ದೇನೆ ಅಂತ. ಅದರ ಒಂದು ಪ್ರತಿ ಸತ್ತವರ ಹೆಂಡತಿಗೂ ಹೋಗುತ್ತದೆ ಎಂದರು. ನಾನು ಸೀದಾ ವೆಲ್ಡಿಂಗ್ ಶೆಡ್ಡಿಗೆ ಹೋದೆ.

ಚಿಕ್ಕೋನು ಕಣ್ಣಿನ ಕವಚ ಎತ್ತಿ ನನ್ನನ್ನು ನೋಡಿದ. "ಅತ್ತಿಗೆ ಆ ವರದಿ ಓದ್ತಾರಾ? ಬೀರುವಿನಲ್ಲಿ ಇಡ್ತಾರೆ ಅಷ್ಟೇ. ಬಾಯಿ ಮುಚ್ಕೊಂಡಿರಿ ಮೇಷ್ಟ್ರೇ."

"ಯಾಕೋ ಸುಳ್ಳು ಹೇಳ್ದೆ ಅವತ್ತು?"

"ಗಂಡನೂ ಹೋದ, ತಮ್ಮನೂ ಹೋದ ಅಂತ ಆಗ್ಬಾರ್ದು ಅಂತ. ನಿಮಗೋಸ್ಕರ ಅಲ್ಲ. ನಿಮ್ಮ ಮುಖ ನೋಡೋಕೂ ನನಗೆ ಆಗಲ್ಲ."

"ನಿನ್ನ ಜೀವ ಉಳೀತಲ್ಲೋ."

"ಉಳೀತು. ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡ್ತಾ ಇದೀನಿ" ಎಂದು ಕವಚ ಇಳಿಸಿಕೊಂಡ.

ಆ ಭಾನುವಾರ ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ ಊಟಕ್ಕೆ ಕೂತೆ. ಮನೆಯಲ್ಲಿ ನಾವಿಬ್ಬರೇ. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದೆ. ಸಿನಿಮಾಗಳಲ್ಲಿ ನಾಯಕ ಬಚ್ಚಿಟ್ಟ ಸತ್ಯವನ್ನೆಲ್ಲ ಹೇಳಿಬಿಡುವ ದೃಶ್ಯ ಒಂದಿರುತ್ತದೆ. ಅವಳು ಅಳುತ್ತಾಳೆ, ಅವನ ಎದೆಗೆ ಎರಡು ಗುದ್ದುತ್ತಾಳೆ, ಆಮೇಲೆ ಅಪ್ಪಿಕೊಳ್ಳುತ್ತಾಳೆ. ಒಂಬತ್ತು ವರ್ಷದಲ್ಲಿ ಆ ದೃಶ್ಯವನ್ನು ನಾನು ಒಂದು ಸಲವೂ ನಿಲ್ಲಿಸಿ ತಪ್ಪೇನೆಂದು ಕೇಳಿದವನಲ್ಲ. ಅದರಲ್ಲಿ ತಪ್ಪಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ಅಕ್ಕ, ಅವತ್ತು ನಾನು ಕಾಲಿಡ್ಲಿಲ್ಲ."

"ಎಲ್ಲಿಗೆ?"

"ತೊಟ್ಟಿಗೆ. ಇಳಿಯೋಕೆ ಹೋಗಿದ್ದು ಚಿಕ್ಕೋನು. ನಾನು ಅವನನ್ನ ಕೆಡವಿ ಬೆನ್ನ ಮೇಲೆ ಕೂತಿದ್ದೆ."

ಅವಳು ಸೌಟು ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು. ಆರು ವರ್ಷದವನಿದ್ದಾಗ ತಪ್ಪು ಮಾಡಿ ಬಂದರೆ ಹಾಗೇ ನೋಡುತ್ತಿದ್ದಳು.

"ಇಳಿದಿದ್ರೆ ನೀನೂ ಸಾಯ್ತಿದ್ಯಾ?"

"ಹೌದು."

"ಅವನೂ?"

"ಅವನೂ."

ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಗಿದ್ರೆ ಸರಿಯಾಗೇ ಮಾಡಿದೀಯ ಬಿಡು. ನೀನೂ ಹೋಗಿದ್ರೆ ನಾನು ಯಾರನ್ನ ನೋಡ್ಕೊಂಡು ಇರ್ತಿದ್ದೆ? ಊಟ ಮಾಡು, ಆರಿಹೋಗತ್ತೆ."

ಅಲ್ಲಿಗೆ ಮುಗಿಯಬೇಕಿತ್ತು. ನಾನು ತಲೆತಗ್ಗಿಸಿ ಊಟ ಮಾಡಿ, ಲೋಟ ತೊಳೆದಿಟ್ಟು, ಬರ್ತೀನಿ ಅಕ್ಕ ಅಂದು ಹೊರಡಬೇಕಿತ್ತು. ಅವಳು ಕ್ಷಮಿಸಿಬಿಟ್ಟಿದ್ದಳು. ಇಷ್ಟು ಸುಲಭವಾಗಿ ಕ್ಷಮಿಸಿದಳಲ್ಲ, ಉಳಿದದ್ದನ್ನೂ ಹೇಳಿ ಹಗುರಾಗಿಬಿಡೋಣ ಎಂಬ ಆಸೆ ಹುಟ್ಟಿತು. ಸತ್ಯದ ಮೇಲಿನ ಪ್ರೀತಿ ಅಲ್ಲ ಅದು. ಐದು ವಾರದಿಂದ ಒಬ್ಬನೇ ಹೊತ್ತು ಸಾಕಾಗಿತ್ತು, ಇಳಿಸಲು ಒಂದು ಜಾಗ ಬೇಕಿತ್ತು.

"ಇನ್ನೊಂದಿದೆ ಅಕ್ಕ. ಭಾವ ಬಿದ್ದ ಕೂಡ್ಲೇ ಹೋಗ್ಲಿಲ್ಲ. ಬೆರಳು ಅಲ್ಲಾಡ್ತಿತ್ತು. ನನಗೆ ಕಾಣ್ತಿತ್ತು."

ಅವಳು ಒಲೆ ಆರಿಸಿದಳು. "ಎಷ್ಟು ಹೊತ್ತು?"

ಈಗಲಾದರೂ ಸುಳ್ಳು ಹೇಳಬಹುದಿತ್ತು. ಕ್ಷಣ, ಗಳಿಗೆ, ಗೊತ್ತಾಗಲಿಲ್ಲ, ಏನಾದರೂ ಅನ್ನಬಹುದಿತ್ತು. ಆದರೆ ಸಮಯ ಕೇಳಿದರೆ ಸರಿಯಾಗಿ ಹೇಳುವುದು ನನ್ನ ಬಾಯಿಗೆ ಅಂಟಿದ ಚಾಳಿ.

"ಎರಡು ನಿಮಿಷ."

ಅಕ್ಕ ನನ್ನೆದುರಿನ ಕುರ್ಚಿ ಎಳೆದುಕೊಂಡು ಕೂತಳು. ಗೋಡೆಯ ಗಡಿಯಾರ ನೋಡಿದಳು. "ಅಲ್ಲಾಡ್ಬೇಡ. ಕೂತ್ಕೋ" ಎಂದಳು.

ಸೆಕೆಂಡಿನ ಮುಳ್ಳು ಹನ್ನೆರಡು ದಾಟಿ ಹೊರಟಿತು. ಮೇಲಿನ ಮನೆಯಲ್ಲಿ ಯಾರೋ ಮಂಚ ಎಳೆದರು. ಬೀದಿಯಲ್ಲಿ ಒಂದು ಸೈಕಲ್ಲು ಗಂಟೆ ಹೊಡೆಯುತ್ತಾ ಹೋಗಿ ತಿರುವಿನಲ್ಲಿ ಕೇಳಿಸದಾಯಿತು. ತಟ್ಟೆಯಲ್ಲಿದ್ದದ್ದರ ಆವಿ ನಿಂತಿತು. ಎಲ್ಲ ಮುಗಿದಿರಬೇಕು ಅಂದುಕೊಂಡು ತಲೆ ಎತ್ತಿದರೆ ಮುಳ್ಳು ಇನ್ನೂ ಒಂದು ಸುತ್ತನ್ನೂ ಪೂರೈಸಿರಲಿಲ್ಲ. ಎದ್ದು ಓಡಿಹೋಗಬೇಕೆನಿಸಿತು. ಅಕ್ಕ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಎರಡನೆಯ ಸುತ್ತಿನಲ್ಲಿ ಅವಳ ಬಾಯಿಂದ ಸಣ್ಣಗೆ ಒಂದು ಶಬ್ದ ಬರತೊಡಗಿತು. ಕೆಳಗೆ ಬಿದ್ದವರನ್ನು ಸಮಾಧಾನ ಮಾಡುವವರ ಹಾಗೆ, ಇರಿ, ಇರಿ, ಬಂದ್ರು, ಈಗ ಬಂದ್ರು, ಅನ್ನುತ್ತಿದ್ದಳು. ಮುಳ್ಳು ಮತ್ತೆ ಹನ್ನೆರಡಕ್ಕೆ ಬಂತು.

"ಇಷ್ಟೊತ್ತಾ?"

"ಹೌದು ಅಕ್ಕ."

"ಇಷ್ಟೊತ್ತೂ ನೀನು ನೋಡ್ತಾ ಕೂತಿದ್ದೆ."

ಅವಳು ಎದ್ದು ನನ್ನ ಮುಂದಿನ ತಟ್ಟೆ ತೆಗೆದುಕೊಂಡಳು.

"ನೀನು ಮಾಡಿದ್ದು ಸರಿ. ಯಾರು ಬಂದು ಕೇಳಿದ್ರೂ ಹಾಗೇ ಹೇಳ್ತೀನಿ. ಚಿಕ್ಕೋನ ಪ್ರಾಣ ಉಳಿಸ್ದೆ ಅಂತಾನೂ ಹೇಳ್ತೀನಿ. ಆದ್ರೆ ಇನ್ಮೇಲೆ ನೀನು ಈ ಮನೆಗೆ ಬರ್ಬೇಡ. ನಿನ್ನ ಕಣ್ಣು ನೋಡಿದ್ರೆ ಅವರು ಒಳಗೆ ಬಿದ್ದಿರೋದು ಕಾಣತ್ತೆ ನನಗೆ."